ನೋಡದೆ ಎಳೆದ ಲಿವರ್

ನಾರು ಒತ್ತುವ ಪ್ರೆಸ್ಸಿನ ಎದುರಿನ ಗೋಡೆಗೆ ‘ನೋಡು, ಕೂಗು, ಎಳೆ’ ಎಂದು ಕೆಂಪು ಬಣ್ಣದಲ್ಲಿ ಬರೆಸಿದವನು ನಾನೇ. ಬರೆಯಲು ತರೀಕೆರೆಯಿಂದ ಬಂದಿದ್ದ ಪೇಂಟರ್, “ಇಷ್ಟೇನಾ ಸಾರ್? ಸುತ್ತ ಒಂದು ಹೂವಿನ ಬಳ್ಳಿ ಬಿಡಿಸ್ಲಾ?” ಎಂದು ಕೇಳಿದ್ದ. ಬೇಡಪ್ಪಾ ಅಂದೆ. ಬಳ್ಳಿ ನೋಡುತ್ತಾ ನಿಂತು ಯಾರಾದರೂ ಕೈ ಸಿಕ್ಕಿಸಿಕೊಂಡರೆ ಎನ್ನುವ ಯೋಚನೆ ನನಗೆ. ಬೀಗ ಹಾಕಿ ಬೀದಿಯ ತುದಿಯವರೆಗೆ ಹೋಗಿ, ವಾಪಸ್ ಬಂದು ಬೀಗ ಎಳೆದು ನೋಡುವ ಜಾತಿ ನಮ್ಮದು. ಮದುವೆ ಆಗದೆ ಉಳಿದದ್ದೂ ಇದರಿಂದಲೇ. ಹೆಣ್ಣು ನೋಡಿ ಬಂದು ನಾನು ಯೋಚನೆ ಮಾಡಿ ಮುಗಿಸುವಷ್ಟರಲ್ಲಿ ಆ ಹುಡುಗಿಯರ ಮಕ್ಕಳು ಶಾಲೆಗೆ ಹೋಗುತ್ತಿದ್ದರು.

ಇಂಥವನು ಅಜ್ಜಂಪುರದ ಹೊರಗಿನ ಒಂದು ತೆಂಗಿನ ನಾರಿನ ಮಿಲ್ಲಿನಲ್ಲಿ ಸೂಪರ್‌ವೈಸರ್. ಮಾಲೀಕರ ಲೆಕ್ಕದಲ್ಲಿ ನಾನು ಕೆಲಸಗಾರರ ಕಡೆಯವನು, ಕೆಲಸಗಾರರ ಲೆಕ್ಕದಲ್ಲಿ ಮಾಲೀಕರ ಕಡೆಯವನು. ಮಧ್ಯಾಹ್ನ ಹೆಂಗಸರು ಹುಣಸೆಮರದ ಕೆಳಗೆ ಸುತ್ತ ಕೂತು ಒಬ್ಬರ ಸಾರು ಒಬ್ಬರಿಗೆ ಬಡಿಸುತ್ತಿದ್ದರು. ನಾನು ಆ ಕಡೆ ಹೋದರೆ ಮಾತು ನಿಲ್ಲುತ್ತಿತ್ತು. ಮಾತು ನಿಲ್ಲಿಸಿದ ಪಾಪ ಯಾಕೆ ಎಂದು ತೂಕದ ಮಿಷನ್ನಿನ ಹಿಂದೆ ಕೂತು ನನ್ನ ಡಬ್ಬಿ ಬಿಚ್ಚುತ್ತಿದ್ದೆ.

ಮಿಲ್ಲಿನ ಕೆಲಸ ಇಷ್ಟೇ. ಕಡೂರು ಕಡೆಯ ತೋಟಗಳಿಂದ ಸುಲಿದ ತೆಂಗಿನಕಾಯಿಯ ಮಟ್ಟೆ ಟ್ರ್ಯಾಕ್ಟರಿನಲ್ಲಿ ಬರುತ್ತದೆ. ಗುಂಡಿಯಲ್ಲಿ ನೆನೆಸಿ ಬೀಟರಿಗೆ ಹಾಕಿದರೆ ಅದು ಮಟ್ಟೆಯನ್ನು ಸಿಗಿದು ನಾರು ಒಂದು ಕಡೆ, ಪುಡಿ ಒಂದು ಕಡೆ ಉದುರಿಸುತ್ತದೆ. ಬೀಟರ್ ಓಡುವಾಗ ಪಕ್ಕದಲ್ಲಿ ನಿಂತವರ ಕಿವಿಗೆ ಬಾಯಿ ಇಟ್ಟು ಕೂಗಿದರೂ ‘ಆಂ?’ ಎನ್ನುತ್ತಾರೆ. ಅಂಗಳದಲ್ಲಿ ಒಣಗಿದ ನಾರು ಕೊನೆಗೆ ಪ್ರೆಸ್ಸಿಗೆ ಬರುತ್ತದೆ. ಪ್ರೆಸ್ಸು ಎಂದರೆ ಎದೆಯೆತ್ತರದ ಕಬ್ಬಿಣದ ಪೆಟ್ಟಿಗೆ, ಮುಂದುಗಡೆ ಒಂದು ಗಿಡ್ಡ ಕದ. ಮೇಲಿಂದ ಭಾರಿ ಕಬ್ಬಿಣದ ಹಲಗೆ ಎಣ್ಣೆಯ ಒತ್ತಡದಲ್ಲಿ ಇಳಿದು ನಾರನ್ನು ಒತ್ತಿ ಬಿಗಿಯಾದ ಚೌಕ ಮೂಟೆ, ಅಂದರೆ ಬೇಲ್, ಮಾಡುತ್ತದೆ. ಪಕ್ಕದಲ್ಲಿ ಒಂದು ಕಟ್ಟೆ, ಅದರ ಮೇಲೆ ನಿಂತವನ ಕೈಯಲ್ಲಿ ಲಿವರ್.

ನಾರು ಹಗುರ, ಒತ್ತಿದಷ್ಟೂ ಪುಟಿಯುತ್ತದೆ. ಸ್ವಲ್ಪ ತುಂಬಿ ಒತ್ತಿ, ಮತ್ತೆ ತುಂಬಿ ಒತ್ತಿ, ಹೀಗೆ ಹಲವು ಸಲ ಮಾಡಬೇಕು ಎಂದು ಪ್ರೆಸ್ಸು ಮಾರಿದವರು ಹೇಳಿಕೊಟ್ಟಿದ್ದರು. ನಮ್ಮಲ್ಲಿ ಅಷ್ಟು ಪುರುಸೊತ್ತು ಇರಲಿಲ್ಲ. ಒಬ್ಬ ಹೆಂಗಸು ಪೆಟ್ಟಿಗೆಯೊಳಗೆ ಇಳಿಯುತ್ತಾಳೆ. ಉಳಿದವರು ತೆಕ್ಕೆಗಟ್ಟಲೆ ನಾರು ಸುರಿಯುತ್ತಾರೆ, ಅವಳು ತುಳಿಯುತ್ತಾಳೆ. ಪೆಟ್ಟಿಗೆ ತುಂಬಿದ ಮೇಲೆ ಹೊರಗೆ ಬಂದು ಕದವನ್ನು ದಢಾರನೆ ಮುಚ್ಚುತ್ತಾಳೆ. ಹಲಗೆ ಒಂದೇ ಸಲ ಇಳಿದರೆ ಮುಗಿಯಿತು. ಕರೆಂಟೂ ಉಳಿಯಿತು, ಹೊತ್ತೂ ಉಳಿಯಿತು. ಒಳಗೆ ಮನುಷ್ಯರು ಇರುವಾಗ ಹಲಗೆ ಇಳಿಯದಿರಲು ಇದ್ದದ್ದು ನನ್ನ ಕೆಂಪು ಬಣ್ಣದ ಮೂರು ಮಾತು.

ಲಿವರಿನವನು ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ತುಳಿಯುವವರಲ್ಲಿ ಚುರುಕಾದವಳು ಅವನ ತಮ್ಮನ ಹೆಂಡತಿ. ಸಂಬಂಧಿಕರಾದರೆ ರಜ ಹಾಕಿದಾಗ ಒಬ್ಬರಿಗೊಬ್ಬರು ಆಗುತ್ತಾರೆ ಎಂದು ಮಾಲೀಕರೇ ಹಾಗೆ ಜೋಡಿಸಿದ್ದರು, ನಾನೂ ತಲೆಯಾಡಿಸಿದ್ದೆ. ಅವನಲ್ಲಿ ನನಗೆ ಕಂಡಿದ್ದ ಐಬು ಒಂದೇ. ಅವಳು ಒಳಗೆ ಇಳಿಯುವಾಗ, ಹತ್ತುವಾಗ ಅವನು ಕೆಮ್ಮಣ್ಣುಗುಂಡಿ ಕಡೆಯ ಬೆಟ್ಟದ ಸಾಲು ನೋಡುತ್ತಾ ನಿಂತಿರುತ್ತಿದ್ದ. “ಏನಪ್ಪಾ, ಬೆಟ್ಟ ಎಲ್ಲಿಗೂ ಓಡಿಹೋಗಲ್ಲ, ಪೆಟ್ಟಿಗೆ ನೋಡು” ಎಂದು ಒಂದೆರಡು ಸಲ ಗದರಿದ್ದೆ. “ಆಯ್ತು ಸಾರ್” ಅನ್ನುತ್ತಿದ್ದ. ಮತ್ತೆ ಬೆಟ್ಟ.

ಆ ದಿನ ಲಾರಿ ಬಂದು ನಿಂತಿತ್ತು. ಅವಳು ತುಳಿದು ಹೊರಗೆ ಬಂದು ಕದ ಮುಚ್ಚಿದಳು. ಆಮೇಲೆ, ನಾರು ಎಳೆಯುವ ಕಬ್ಬಿಣದ ಕೊಕ್ಕೆ ಒಳಗೇ ಉಳಿದದ್ದು ನೆನಪಾಯಿತು. ಅದಕ್ಕೆ ಕೆಲವು ದಿನ ಮುಂಚೆ ಒಂದು ಬೇಲಿನೊಳಗೆ ಕೊಕ್ಕೆ ಹೋಗಿ, ಮಾಲೀಕರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೈದಿದ್ದರು. ಅವಳು ಕದ ತೆಗೆಯದೆ ಮೇಲಿಂದಲೇ ಹಾರಿ ಒಳಗೆ ಇಳಿದಳು. ಕದ ಮುಚ್ಚಿದ ಸದ್ದು ಕೇಳಿದ್ದ ಅವನು ಲಿವರ್ ಎಳೆದ. ಹೆಂಗಸರು ಚೀರಿದ್ದು ಬೀಟರ್ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಒಬ್ಬಳು ಓಡಿಬಂದು ಬೆನ್ನಿಗೆ ಗುದ್ದಿದ ಮೇಲೆ ತಿರುಗಿ ನೋಡಿ ಲಿವರ್ ಹಿಂದಕ್ಕೆ ತಳ್ಳಿದ. ಅಷ್ಟರಲ್ಲಿ ಹತ್ತಲು ಹೊರಟಿದ್ದವಳ ಪಾದ ಹಲಗೆಗೂ ಕದದ ಅಂಚಿಗೂ ನಡುವೆ ಸಿಕ್ಕಿತ್ತು.

ತರೀಕೆರೆ ಆಸ್ಪತ್ರೆಯಲ್ಲಿ ಬ್ಯಾಂಡೇಜು ಕಟ್ಟಿ ಶಿವಮೊಗ್ಗಕ್ಕೆ ಕಳಿಸಿದರು. ಹಿಮ್ಮಡಿಯ ಮೇಲಿನ ಮೂಳೆ ಮುರಿದಿದೆ, ಕಾಲು ಉಳಿಯುತ್ತದೆ ಅಂದರು. ನಾನು ಮಿಲ್ಲಿಗೆ ವಾಪಸ್ ಬಂದಾಗ ಮಾಲೀಕರು ಆಫೀಸಿನಲ್ಲಿ ಕಾಯುತ್ತಿದ್ದರು.

“ಯಾರ್ರೀ ಎಳೆದಿದ್ದು?”

ಹೇಳಿದೆ.

“ಗೋಡೆ ಮೇಲೆ ಬರೆಸಿದ್ದೀವಾ ಇಲ್ವಾ?”

“ಬರೆಸಿದ್ದೀವಿ.”

“ಅವನಿಗೆ ಓದೋಕೆ ಬರುತ್ತಾ?”

“ಬರುತ್ತೆ.”

“ಮತ್ತಿನ್ನೇನ್ರೀ! ಇದಕ್ಕಿಂತ ನಾವೇನು ಮಾಡೋಕಾಗುತ್ತೆ, ಅವನ ಕತ್ತು ಹಿಡ್ಕೊಂಡು ತಿರುಗಿಸೋಕಾಗುತ್ತಾ? ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಬರ್ತಾರೆ. ಕೆಲಸಗಾರನ ಅಜಾಗರೂಕತೆ ಅಂತ ಹೇಳಿ. ನಾಳೆಯಿಂದ ಅವನು ಬೇಡ.”

ನಾನು ಬರೆಸಿದ ಗೋಡೆಯೇ ಅವನ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಕೆಟ್ಟದ್ದೆಲ್ಲವನ್ನೂ ಮೊದಲೇ ಯೋಚಿಸಿಡುವ ನನಗೆ ಇದೊಂದು ಹೊಳೆದಿರಲಿಲ್ಲ.

ಅವನು ಮಟ್ಟೆ ನೆನೆಸುವ ಗುಂಡಿಯ ದಂಡೆಯಲ್ಲಿ ಕೂತಿದ್ದ. ಪಕ್ಕದಲ್ಲಿ ಕೂತು, “ಯಾಕಪ್ಪಾ ನೋಡ್ಲಿಲ್ಲ?” ಎಂದು ಕೇಳಿದೆ. ತಲೆ ಎತ್ತಲಿಲ್ಲ. “ತಪ್ಪು ನಂದೇ ಸಾರ್” ಅಂದ. “ಅದಲ್ಲಪ್ಪಾ, ಯಾಕೆ ನೋಡ್ಲಿಲ್ಲ?” “ತಪ್ಪು ನಂದೇ ಅಂದ್ನಲ್ಲ ಸಾರ್.” ಅಷ್ಟೇ.

ಮರುದಿನ ಲಾರಿ ಇನ್ನೂ ಅಲ್ಲೇ ನಿಂತಿತ್ತು. ಲಿವರ್ ಹಿಡಿಯಲು ಆಳಿಲ್ಲ. “ನೀವೇ ಎಳೀರಿ, ನಿಮಗಿಂತ ಹುಷಾರಾದವರು ಈ ಮೂರು ತಾಲ್ಲೂಕಲ್ಲಿ ಯಾರಿದ್ದಾರೆ?” ಅಂದರು ಮಾಲೀಕರು. ಹೊಗಳಿಕೆಯಂತೂ ಅಲ್ಲ. ಆದರೂ ಒಳಗೊಳಗೇ ಒಂದು ಆಸೆ ಹುಟ್ಟಿತು ಅಂತ ಹೇಳಬೇಕು. ಲಿವರ್ ಹೇಗೆ ಎಳೆಯಬೇಕು ಎಂದು ಎಲ್ಲರಿಗೂ ತೋರಿಸಿಯೇ ಬಿಡೋಣ ಅನ್ನಿಸಿತು.

ಕಟ್ಟೆ ಹತ್ತಿದೆ. ನಾರು ಸುರಿಯುವವರ ಪೈಕಿ ಹಿರಿಯಳಾದ, ಎಲ್ಲರೂ ‘ದೊಡ್ಡಕ್ಕ’ ಎನ್ನುವ ಹೆಂಗಸು, “ಇವತ್ತು ಸಂಜೆಗೆ ಒಂದು ಬೇಲಾದ್ರೆ ಪುಣ್ಯ ಕಣ್ರೇ” ಎಂದಳು. ಯಾರೂ ನಗಲಿಲ್ಲ, ಎಲ್ಲರ ಮನಸ್ಸೂ ಶಿವಮೊಗ್ಗದಲ್ಲಿತ್ತು. ಒಬ್ಬ ಹೆಂಗಸು ಪೆಟ್ಟಿಗೆಯ ಹತ್ತಿರ ಬಂದಳು. ಒಳಗೆ ಇಳಿಯಬೇಕಾದರೆ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಸೊಂಟಕ್ಕೆ ಸಿಕ್ಕಿಸಬೇಕು, ಆಮೇಲೆ ಕದದ ಎತ್ತರದ ಹೊಸ್ತಿಲ ಮೇಲೆ ಕಾಲು ಹಾಕಿ ದಾಟಬೇಕು. ಅವಳು ಸೆರಗು ಸುತ್ತಿಕೊಂಡು, ನೆರಿಗೆಗೆ ಕೈ ಹಾಕಿ, ಹಾಗೇ ನಿಂತಳು. ನನ್ನ ಕಡೆ ನೋಡಲಿಲ್ಲ. ಸುಮ್ಮನೆ ಕಾದಳು.

ನನ್ನ ಕತ್ತು ತಾನಾಗಿ ತಿರುಗಿತು. ಎದುರಿಗೆ ಬೆಟ್ಟದ ಸಾಲು ಕಂಡಿತು.

ನಾರು ಬಿತ್ತು, ತುಳಿದಳು, ಮತ್ತೆ ಬಿತ್ತು. ನಾನು ಬೆಟ್ಟದಲ್ಲಿ ಎಲ್ಲಿ ಬಿಸಿಲಿದೆ, ಎಲ್ಲಿ ಮೋಡದ ನೆರಳಿದೆ ಎಂದು ನೋಡುತ್ತಿದ್ದೆ. ಕದ ದಢ್ ಎಂದಿತು. ಲಿವರ್ ಎಳೆದೆ. ಹಲಗೆ ಅರ್ಧ ಇಳಿದಾಗ ಗೊತ್ತಾಯಿತು, ನಾನು ನೋಡಿರಲಿಲ್ಲ. ಕೂಗಿರಲೂ ಇಲ್ಲ. ಎಳೆದಿದ್ದೆ. ಅವಳು ಹೊರಗಿದ್ದಳು, ಸೀರೆ ಇಳಿಬಿಟ್ಟುಕೊಂಡು ಬೆವರು ಒರೆಸುತ್ತಿದ್ದಳು. ಹೊರಗಿದ್ದದ್ದು ಅವಳ ಅದೃಷ್ಟ, ನನ್ನ ಹುಷಾರಿ ಅದರಲ್ಲಿ ಏನೂ ಇರಲಿಲ್ಲ.

ಹಲಗೆ ಮೇಲೆತ್ತಿ ಪ್ರೆಸ್ಸು ನಿಲ್ಲಿಸಿದೆ. ದೊಡ್ಡಕ್ಕ ಹತ್ತಿರ ಬಂದಳು.

“ಏನಾಯ್ತು ಸಾರ್?”

“ನಾನು ನೋಡ್ಲೇ ಇಲ್ಲ ಕಣಮ್ಮ.”

“ನೋಡಿದ್ರೆ ನಾವು ನಾಳೆಯಿಂದ ಬತ್ತಾ ಇರ್ಲಿಲ್ಲ ಬಿಡಿ. ನೀವು ಗೋಡೆ ಮೇಲೆ ನೋಡು ಅಂತ ಬರೆಸ್ದಾಗ ಎಷ್ಟು ನಕ್ಕಿದ್ವಿ ಗೊತ್ತಾ?” ಆಮೇಲೆ ದನಿ ಇಳಿಸಿ, “ಅದೂ ಭಾವ, ತಮ್ಮನ ಹೆಂಡ್ತಿ. ಅವ್ಳು ಅವನ ಮುಂದೆ ದನಿ ಎತ್ತಿದ್ದೇ ಇಲ್ಲ. ಹೆಸ್ರು ಹಿಡಿದು ಕೂಗ್ತಾಳಾ?” ಅಂದಳು.

ಮೇನ್ ಬೋರ್ಡಿನ ಹತ್ತಿರ ಹೋಗಿ ಪ್ರೆಸ್ಸಿನ ಮೂರೂ ಫ್ಯೂಸು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡೆ. ಯಾಕೆ ಹಾಗೆ ಮಾಡಿದೆ ಎಂದು ಈಗ ಕೇಳಿದರೆ, ಧೈರ್ಯದಿಂದ ಎಂದು ಹೇಳಲು ನಾಲಿಗೆ ಏಳುವುದಿಲ್ಲ. ಮತ್ತೊಮ್ಮೆ ಆ ಕಟ್ಟೆ ಹತ್ತುವ ಭಯ ಮಾಲೀಕರ ಭಯಕ್ಕಿಂತ ದೊಡ್ಡದಾಗಿತ್ತು. ಮಾಲೀಕರು ಬಂದರು, ಕೂಗಾಡಿದರು, “ಲಾರಿ ನಿಂತಿದೆ ಕಣ್ರೀ!” ಅಂದರು. ಫ್ಯೂಸು ಕೊಡಲಿಲ್ಲ. ಕೆಲಸ ನಿಂತರೆ ಕೂಲಿಗೆ ಏಟು ಎಂದು ಹೆಂಗಸರೂ ಗೊಣಗಿದರು. ಅವತ್ತು ನನ್ನನ್ನು ಬೈಯದೆ ಉಳಿದದ್ದು ಬೀಟರ್ ಒಂದೇ.

ಮಧ್ಯಾಹ್ನ ಶಿವಮೊಗ್ಗಕ್ಕೆ ಹೋದೆ. ಅವಳ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟಿದ್ದರು. ಗಂಡ ಕಾಫಿ ತರಲು ಹೋಗಿದ್ದ. ನೋವು ಹೇಗಿದೆ ಎಂದು ನಾನು ಕೇಳುವ ಮೊದಲೇ ಅವಳು ಕೇಳಿದಳು.

“ಭಾವನ್ನ ಕೆಲಸದಿಂದ ತೆಗೆದ್ಬಿಡ್ತಾರಾ ಸಾರ್?”

“ಅವನು ಯಾಕೆ ನೋಡ್ಲಿಲ್ಲ ಅಂತ ನನಗೆ ಗೊತ್ತಾಯ್ತಮ್ಮ. ಇನ್ಸ್‌ಪೆಕ್ಟರ್ ಮುಂದೆ ಅದನ್ನೇ ಹೇಳ್ತೀನಿ.”

ಅವಳು ಗಾಬರಿಯಾಗಿ ಎದ್ದು ಕೂರಲು ಹೋಗಿ ನೋವಿಗೆ ಮುಖ ಕಿವುಚಿದಳು. “ಬ್ಯಾಡಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ, ಅದೊಂದು ಮಾತ್ರ ಆಡ್ಬ್ಯಾಡಿ. ಅವತ್ತು ನೋಡ್ಲಿಲ್ಲ ಅಂದ್ರೆ, ಮಿಕ್ಕಿದ ದಿನ ಏನ್ ನೋಡ್ತಿದ್ದ ಅಂತಾರೆ ಊರಲ್ಲಿ. ಅವ್ರು ದ್ಯಾವ್ರಂಥೋರು. ನನ್ನ ಮನೆಯೋರು ಅಣ್ಣನ್ನ ಒಂದು ಮಾತು ಅಂದಿಲ್ಲ ಇನ್ನೂ. ಆ ಮಾತು ಬಂದ್ರೆ ಮನೆ ಎರಡಾಗುತ್ತೆ.”

ಬಸ್ಸಿನಲ್ಲಿ ವಾಪಸ್ ಬರುವಾಗ ಯೋಚಿಸಲು ಬೇಕಾದಷ್ಟು ಹೊತ್ತಿತ್ತು, ಆ ಕೆಲಸವಂತೂ ನನಗೆ ಹೇಳಿಕೊಡಬೇಕಿಲ್ಲ. ಕಾರಣ ಹೇಳಿದರೆ ಅವನ ಮಾನ ಹೋಗುತ್ತದೆ. ಹೇಳದಿದ್ದರೆ ಕೆಲಸ ಹೋಗುತ್ತದೆ, ಜೊತೆಗೆ ‘ತಮ್ಮನ ಹೆಂಡತಿಯ ಕಾಲು ಮುರಿದವನು’ ಎಂಬ ಹೆಸರು. ಅವನಂತೂ ಮಾನಕ್ಕಾಗಿ ತಪ್ಪನ್ನು ಹೊತ್ತುಕೊಳ್ಳಲು ಸಿದ್ಧನಾಗಿಬಿಟ್ಟಿದ್ದ. ನನ್ನ ಜೊತೆ ಇದನ್ನು ಮಾತಾಡಬಹುದಾದ ಒಂದು ಜೀವ ಮಿಲ್ಲಿನಲ್ಲಿ ಇರಲಿಲ್ಲ. ತರೀಕೆರೆ ದಾಟಿದ ಮೇಲೆ ಒಂದು ಪ್ರಶ್ನೆ ಬಂದು ಕೂತಿತು. ಅವನು ಯಾಕೆ ನೋಡಲಿಲ್ಲ ಎಂದೇ ಎಲ್ಲರೂ ಕೇಳುತ್ತಿದ್ದೇವೆ. ಅವನು ನೋಡದಿದ್ದರೆ ಹಲಗೆ ಯಾಕೆ ಇಳಿಯಬೇಕು?

ಇನ್ಸ್‌ಪೆಕ್ಟರ್ ಬಂದದ್ದು ಅದರ ಮರುದಿನ. ಸಮಾಧಾನದ ಮನುಷ್ಯ. ಪ್ರೆಸ್ಸಿನ ಸುತ್ತ ಓಡಾಡಿದರು, ಕದ ತೆಗೆದು ಮುಚ್ಚಿದರು, ಗೋಡೆ ಓದಿದರು. ಮಾಲೀಕರು ಹೇಳಬೇಕಾದ್ದನ್ನು ಹೇಳಿದರು. ಲಿವರಿನವನನ್ನು ಕರೆಸಿದರು. “ತಪ್ಪು ನಂದೇ ಸಾರ್, ನೋಡ್ಬೇಕಿತ್ತು” ಅಂದ ಅವನು, ಕೈ ಕಟ್ಟಿಕೊಂಡು. ಹೆಂಗಸರೆಲ್ಲ ದೂರದಲ್ಲಿ ಗುಂಪಾಗಿ ನಿಂತಿದ್ದರು.

“ನೀವೇನು ಹೇಳ್ತೀರಿ?” ಎಂದು ಇನ್ಸ್‌ಪೆಕ್ಟರ್ ನನ್ನ ಕಡೆ ತಿರುಗಿದರು.

“ಮಾರನೇ ದಿನ ನಾನೂ ಲಿವರ್ ಎಳೆದೆ ಸಾರ್. ನಾನೂ ನೋಡ್ಲಿಲ್ಲ.”

“ಗೋಡೆ ಮೇಲೆ ಬರೆಸಿದವರು ನೀವೇ ಅಂತ ಮಾಲೀಕರು ಅಂದ್ರಲ್ಲ. ಯಾಕೆ ನೋಡ್ಲಿಲ್ಲ?”

“ಹೆಣ್ಮಕ್ಕಳು ಸೀರೆ ಎತ್ತಿ ಕಟ್ಟಿ ಹತ್ತಿ ಇಳೀತಾರೆ ಸಾರ್. ನನಗೆ ನಾಚಿಕೆ ಆಯ್ತು.”

ಮಾಲೀಕರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಇವರಿಗೆ ಇನ್ನೂ ಮದುವೆ ಆಗಿಲ್ಲ ಸಾರ್, ಅದಕ್ಕೇ!” ಹೆಂಗಸರ ಗುಂಪಿನಲ್ಲೂ ಕಿಸಕ್ ಎಂದಿತು. ಬೀಟರಿನ ಹುಡುಗರಂತೂ ಬಹಿರಂಗವಾಗಿ ನಕ್ಕರು. ತಲೆ ತಗ್ಗಿಸಿಕೊಂಡೇ ಓರೆಗಣ್ಣಿನಲ್ಲಿ ನೋಡಿದೆ. ನಗದೆ ಇದ್ದವರು ಇಬ್ಬರೇ, ಇನ್ಸ್‌ಪೆಕ್ಟರ್ ಮತ್ತು ಲಿವರಿನವನು. ಅವನು ನನ್ನನ್ನೇ ನೋಡುತ್ತಿದ್ದ.

ನಗು ನಿಂತ ಮೇಲೆ ಹೇಳಿದೆ. “ನಾನು ನಾಚ್ಕೊಂಡೆ, ಇನ್ನೊಬ್ಬರು ನಿದ್ದೆಗೆಟ್ಟಿರಬಹುದು, ಮತ್ತೊಬ್ಬರಿಗೆ ಜ್ವರ ಇರಬಹುದು. ಯಾರು ನೋಡದೆ ಎಳೆದ್ರೂ ಈ ಹಲಗೆ ಇಳಿಯುತ್ತೆ ಸಾರ್. ಪೆಟ್ಟಿಗೆಯೊಳಗೆ ಇಳೀಬೇಕು ಅಂತ ಪ್ರೆಸ್ ಮಾರಿದವರು ಹೇಳಿರ್ಲಿಲ್ಲ. ನಾವು ಹೇಳಿದ್ದು.”

‘ನಾವು’ ಎಂದಾಗ ಮಾಲೀಕರ ನಗು ಪೂರ್ತಿ ನಿಂತಿತು.

ಇನ್ಸ್‌ಪೆಕ್ಟರ್ ಮಾಲೀಕರಿಗೆ ಹೇಳಿದ್ದು ಸಣ್ಣ ದನಿಯಲ್ಲಿ. “ತುಳಿಸೋದು ನಿಲ್ಲಿಸಿ. ಇಲ್ಲ, ಒಳಗೆ ಜನ ಇರೋವಾಗ ಹಲಗೆ ಇಳಿಯದ ಹಾಗೆ ಮಾಡಿ. ಅಲ್ಲಿವರೆಗೆ ಓಡಿಸೋ ಹಾಗಿಲ್ಲ. ಇದು ಅವನ ಹೊಣೆ ಅಲ್ಲ ಸ್ವಾಮಿ, ನಿಮ್ಮದು.” ತುಳಿಸುವುದು ನಿಲ್ಲುತ್ತದೆ ಎಂದು ನಾನು ಆಸೆಪಟ್ಟೆ. ನಿಲ್ಲಲಿಲ್ಲ. ಮಾಲೀಕರು ಎರಡನೆಯದನ್ನು ಆರಿಸಿಕೊಂಡರು. “ಅವನನ್ನ ಇಟ್ಕೊಳ್ಳಿ, ಏನು ಬೇಕೋ ಮಾಡ್ಕೊಳ್ಳಿ. ಇನ್ನೊಂದು ಸಲ ಏನಾದ್ರೂ ಆದ್ರೆ ನಿಮ್ಮ ತಲೆ ಮೇಲೆ” ಅಂದರು. ನನ್ನ ತಲೆಯ ಮೇಲೆ ಅಷ್ಟೊತ್ತಿಗಾಗಲೇ ಸಾಕಷ್ಟಿತ್ತು.

ನಾನು ಯೋಚಿಸಿದ್ದು ಒಂದು ಕೀಲಿ. ಪೆಟ್ಟಿಗೆಯ ಕದದ ಪಕ್ಕದ ಕಂಬಕ್ಕೆ, ಲಿವರಿನಿಂದ ದೂರದಲ್ಲಿ, ಒಂದು ಕೀಲಿ ಸ್ವಿಚ್ಚು. ಕೀಲಿ ತೆಗೆದರೆ ಪ್ರೆಸ್ಸಿನ ಮೋಟಾರು ನಿಲ್ಲಬೇಕು. ತುಳಿಯುವವಳು ಕೀಲಿ ತೆಗೆದು ಕೊರಳಿಗೆ ಹಾಕಿಕೊಂಡು ಒಳಗೆ ಇಳಿಯಬೇಕು, ಹೊರಗೆ ಬಂದು ಕದ ಮುಚ್ಚಿದ ಮೇಲೆ ತಾನೇ ಕೀಲಿ ಹಾಕಬೇಕು. ಯಾರೂ ನೋಡಬೇಕಿಲ್ಲ, ಯಾರೂ ಕೂಗಬೇಕಿಲ್ಲ.

ಬೀರೂರಿನ ಎಲೆಕ್ಟ್ರಿಷಿಯನ್ ತಲೆ ಕೆರೆದುಕೊಂಡ. “ಮೋಟ್ರು ಹಿಂಗೆ ನಿಂತು ನಿಂತು ಹೊರಟ್ರೆ ಸ್ಟಾರ್ಟರ್ ಸುಟ್ಟೋಗುತ್ತೆ ಸಾರ್.” “ಸ್ಟಾರ್ಟರ್ ಅಂಗಡೀಲಿ ಸಿಗುತ್ತೆ ಕಣಪ್ಪಾ, ಕಾಲು ಸಿಗಲ್ಲ” ಅಂದೆ. ಅಂದ ಮೇಲೆ ನನಗೇ ಸ್ವಲ್ಪ ನಾಟಕದ ಮಾತು ಅನ್ನಿಸಿ, ಟೀ ತರಿಸಿದೆ. ಅವನು ತಂದ ಮೊದಲ ಸ್ವಿಚ್ಚಿನಲ್ಲಿ ಮೋಟಾರು ಓಡುತ್ತಿರುವಾಗಲೂ ಕೀಲಿ ಸಲೀಸಾಗಿ ಈಚೆ ಬರುತ್ತಿತ್ತು. ಕೀಲಿ ಕೈಯಲ್ಲಿ, ಮೋಟಾರು ಓಡುತ್ತಲೇ ಇದೆ! ಅದನ್ನು ಕೊರಳಿಗೆ ಹಾಕಿಕೊಂಡು ಧೈರ್ಯವಾಗಿ ಒಳಗೆ ಇಳಿಯುವವಳನ್ನು ನೆನೆದು ಬೆವರು ಬಂತು. ಬದಲಾಯಿಸಿ, ಆಫ್ ಮಾಡಿದರೆ ಮಾತ್ರ ಬಿಡುವಂಥ ಕೀಲಿ ಹುಡುಕಿಸಿದೆ. ಮೋಟಾರು ನಿಂತಾಗ ಹಲಗೆ ತನ್ನ ಭಾರಕ್ಕೇ ಜಾರುತ್ತದೆಯೇ ಎಂದು ಸೀಮೆಸುಣ್ಣದ ಗೆರೆ ಎಳೆದು ಮಧ್ಯಾಹ್ನವೆಲ್ಲ ಎದುರಿಗೆ ಕೂತೆ. ಜಾರಲಿಲ್ಲ. ಆದರೂ ಹಲಗೆಯ ಕೆಳಗೆ ಆನಿಸಿಡಲು ಒಂದು ಕಬ್ಬಿಣದ ಊರುಗೋಲು ಮಾಡಿಸಿದೆ.

ಪ್ರೆಸ್ಸು ಮತ್ತೆ ಶುರುವಾದ ವಾರದಲ್ಲೇ ಸ್ಟಾರ್ಟರ್ ಸುಟ್ಟಿತು, ಎಲೆಕ್ಟ್ರಿಷಿಯನ್ ಮುಖದಲ್ಲಿ ಒಂದು ತೃಪ್ತಿ ಕಂಡಿತು. ದೊಡ್ಡದೊಂದು ಹಾಕಿಸಿದೆವು. ಅದಾದ ಮೇಲೆ ಒಂದು ಬೆಳಿಗ್ಗೆ ನೋಡುತ್ತೇನೆ, ತುಳಿಯುವವಳ ಕೊರಳಲ್ಲೂ ಕೀಲಿ, ಸ್ವಿಚ್ಚಿನಲ್ಲೂ ಕೀಲಿ. ಸ್ವಿಚ್ಚಿನ ಜೊತೆ ಎರಡು ಕೀಲಿ ಬಂದಿದ್ದವು, ಎರಡನೆಯದನ್ನು ಮಾಲೀಕರೇ ಡ್ರಾಯರಿನಿಂದ ತೆಗೆದು ಹಾಕಿಸಿದ್ದರು. “ಹತ್ತಿದಾಗ ಇಳಿದಾಗ ತಿರುಗಿಸ್ತಾ ಕೂತ್ರೆ ಬೇಲ್ ಯಾವಾಗ ಆಗೋದ್ರೀ?” ಅಂದರು. ಅದನ್ನು ಕಿತ್ತುಕೊಂಡು ಹೋಗಿ ಮಟ್ಟೆ ನೆನೆಸುವ ಗುಂಡಿಗೆ ಎಸೆದೆ. ಎಸೆದ ಮೇಲೆ ಬಹಳ ಹೊತ್ತು, ಮಟ್ಟೆಯ ಜೊತೆ ಬೀಟರಿಗೆ ಹೋಗಿ ಯಾರಿಗಾದರೂ ಸಿಡಿದರೆ ಎಂದು ಯೋಚನೆಯಾಯಿತು. ಸಂಜೆ ಬಲೆ ಹಾಕಿ ಹುಡುಕಿಸಿ ತೆಗೆಸಿ, ಬಾವಿಗೆ ಎಸೆದೆ.

ಲಿವರಿನವನು ಕೆಲಸಕ್ಕೆ ಬಂದ. ನನ್ನ ಜೊತೆ ಹೂಂ, ಊಹೂಂ ಬಿಟ್ಟರೆ ಮಾತಿಲ್ಲ. ಅವನು ಹೇಳದ ಮಾತು ನನಗೆ ಗೊತ್ತಿದೆ ಎಂಬುದು ಅವನಿಗೆ ಗೊತ್ತಿತ್ತು. ಅಂಥವರ ಹತ್ತಿರ ನಿಲ್ಲುವುದು ಯಾರಿಗೂ ಕಷ್ಟ. ಹೆಂಗಸರಿಗಂತೂ ನಾನು ಹಬ್ಬವಾದೆ. ಪ್ರೆಸ್ಸಿನ ಹತ್ತಿರ ಸುಳಿದರೆ ಸಾಕು, “ಸಾರ್ ಬಂದ್ರು ಕಣ್ರೇ, ಕಾಲು ಮುಚ್ಕೊಳ್ಳಿ!” ಎಂದು ಒಬ್ಬಳು ಕೂಗುವಳು, ಉಳಿದವರು ನಗುವರು. ಡಬ್ಬಿ ತೆಗೆದುಕೊಂಡು ತೂಕದ ಮಿಷನ್ನಿನ ಹಿಂದಕ್ಕೆ ಹೋಗುತ್ತಿದ್ದೆ. ನಗಲಿ. ಅವರು ನಗುತ್ತಿದ್ದದ್ದು ನನ್ನನ್ನು, ಅವನನ್ನಲ್ಲ.

ತಮ್ಮನ ಹೆಂಡತಿ ಕೋಲು ಬಿಟ್ಟು ಓಡಾಡುವಂತಾಗಿ, ಅಂಗಳದಲ್ಲಿ ಕೂತು ನಾರು ಬಿಡಿಸುವ ಕೆಲಸಕ್ಕೆ ಬಂದ ಮೇಲಿನ ಮಾತು. ಲಾರಿಗೆ ಅವಸರ. ತುಳಿಯುತ್ತಿದ್ದ ಇನ್ನೊಬ್ಬಳು ಹೊರಗೆ ಬಂದು ಕದವನ್ನು ದಢ್ ಎಂದು ಮುಚ್ಚಿದಳು. ಕಂಬದ ಕಡೆ ಒಂದು ಹೆಜ್ಜೆ ಇಟ್ಟವಳು ಏನೋ ನೆನಪಾಗಿ ತಿರುಗಿ, ಕದದ ಮೇಲಿಂದಲೇ ಒಳಗೆ ಹಾರಿದಳು. ಅವನ ಮುಖ ಬೆಟ್ಟದ ಕಡೆಗಿತ್ತು. ಕದದ ಸದ್ದು ಕೇಳಿದವನೇ ಲಿವರ್ ಎಳೆದ.

ನಾನು ದೂರದಲ್ಲಿ ನಿಂತಿದ್ದೆ. ಕೂಗಿದೆ, ಬೀಟರ್ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ.

ಹಲಗೆ ಅಲುಗಲಿಲ್ಲ. ಅವನು ಇನ್ನೊಮ್ಮೆ ಎಳೆದ. ಅಲುಗಲಿಲ್ಲ. ಅಷ್ಟರಲ್ಲಿ ಪೆಟ್ಟಿಗೆಯೊಳಗಿಂದ ನಾರು ಮೆತ್ತಿದ ಒಂದು ತಲೆ, ಕೊಕ್ಕೆ ಹಿಡಿದ ಒಂದು ಕೈ ಮೇಲೆ ಬಂತು.

“ಇರಣ್ಣಾ, ಬಂದೆ!”

ಅವನು ಲಿವರ್ ಹಿಡಿದ ಕೈಯನ್ನೇ ನೋಡುತ್ತಾ ನಿಂತ. ಅವಳು ಹೊರಗೆ ಬಂದು, ಕೊರಳಿನ ಕೀಲಿ ಬಿಚ್ಚಿ ಹಾಕಿ ತಿರುಗಿಸಿದಳು. ನಾರು ಸುರಿಯುವವರು ಮುಂದಿನ ತೆಕ್ಕೆಗೆ ಬಾಗಿದ್ದರು, ಯಾರೂ ಗಮನಿಸಿರಲಿಲ್ಲ. ಕೊಕ್ಕೆ ಮರೆತದ್ದು, ಹಾರಿ ಇಳಿದದ್ದು, ನೋಡದೆ ಎಳೆದದ್ದು, ಎಲ್ಲ ಆವತ್ತಿನ ಹಾಗೆಯೇ ಆಗಿತ್ತು.

ಒಂದು ಬೇಲಿನ ಮೇಲೆ ಕೂತೆ. ಯಾರಿಗಾದರೂ ಹೇಳಬೇಕು ಅನ್ನಿಸಿತು. ಸುತ್ತ ನೋಡಿದೆ. ಕೊನೆಗೆ ಮಿಲ್ಲಿನ ಗೇಟಿನಾಚೆ ಹೋಗಿ, ಸದ್ದು ಕಡಿಮೆ ಇದ್ದಲ್ಲಿ ನಿಂತು, ಕಡೂರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ಕೆಲಸದ ಹೊತ್ತಿನಲ್ಲಿ ನಾನು ಫೋನ್ ಮಾಡುವವನಲ್ಲ.

“ಏನೋ? ಏನಾಯ್ತೋ?” ಅಂದಳು ಗಾಬರಿಯಿಂದ.

“ಏನೂ ಆಗ್ಲಿಲ್ಲ ಕಣಕ್ಕ.”

“ಮತ್ತೆ ಯಾಕೋ ಫೋನ್ ಮಾಡ್ದೆ?”

“ಅದಕ್ಕೇ” ಅಂದೆ.